ಹೊಗೆ ಯಾರದು, ಹೊರೆ ಯಾರ ಮೇಲೆ?



ಭೂಮಿ ಬಿಸಿಯಾಗುತ್ತಿದೆ, ಇಂಗಾಲದ ಹೊಗೆ ತಗ್ಗಿಸಬೇಕು ಎಂಬ ಮಾತನ್ನು ನೀವು ಕನ್ನಡದಲ್ಲೂ ಕೇಳಿದ್ದೀರಿ, ತೆಲುಗಿನಲ್ಲೂ ಕೇಳಿದ್ದೀರಿ. ಅರಳಿಕಟ್ಟೆಯಲ್ಲಿ ಈ ಮಾತು ಬಂದರೆ ಸಾಕು, ಕೂತವರು ಎರಡು ಪಕ್ಷವಾಗುತ್ತಾರೆ. ಇವತ್ತು ಆ ಎರಡೂ ಪಕ್ಷದ ಮಾತನ್ನು ಸ್ವಲ್ಪ ತೂಗಿ ನೋಡೋಣ.

ಮೊದಲು, ವಾದಕ್ಕೆ ಎಡೆಯಿಲ್ಲದ ಸಂಗತಿ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲು ಉರಿದಾಗ ಇಂಗಾಲದ ಡೈಆಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಅದು ಕಣ್ಣಿಗೆ ಕಾಣದು, ಆದರೆ ಕಂಬಳಿಯಂತೆ ಭೂಮಿಯ ಶಾಖವನ್ನು ಹಿಡಿದಿಡುತ್ತದೆ. ಕಾರ್ಖಾನೆಗಳ ಯುಗಕ್ಕೆ ಮುಂಚೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಈ ಅನಿಲ ಸುಮಾರು 280 ಪಾಲು ಇತ್ತು. ಈಗ 420 ದಾಟಿದೆ. ಲೆಕ್ಕ ಇಡಲು ತೊಡಗಿದಂದಿನಿಂದ 2024ರಷ್ಟು ಬಿಸಿಯಾದ ವರ್ಷ ಅದಕ್ಕೆ ಮುಂಚೆ ಬಂದಿರಲಿಲ್ಲ. ಗಾಳಿ ಬಿಸಿಯಾದಷ್ಟೂ ಹೆಚ್ಚು ತೇವ ಹೊರುತ್ತದೆ. ಬಂದ ಮಳೆ ಒಮ್ಮೆಗೇ ಸುರಿಯುವ ಸಂಭವ ಹೆಚ್ಚುತ್ತದೆ. ಮಳೆಯನ್ನೇ ನಂಬಿ ಕಡಲೆಕಾಯಿ ಬಿತ್ತುವ ಮಡಕಶಿರಾ, ರಾಯದುರ್ಗದ ರೈತನಿಗೆ ವರ್ಷದ ಒಟ್ಟು ಮಳೆಯ ಲೆಕ್ಕ ಸಾಲದು. ಹೂವು ಕಾಯಿಗೆ ತಿರುಗುವ ಹೊತ್ತಿಗೆ ನೆಲದಲ್ಲಿ ಹಸಿ ಇರಬೇಕು.

ಇನ್ನು ವಾದಕ್ಕೆ ಬರೋಣ. ಒಂದು ಪಕ್ಷದವರು ಕೇಳುತ್ತಾರೆ: "ಹೊಗೆ ಎಬ್ಬಿಸಿದವರು ಯಾರು, ತಗ್ಗಿಸಬೇಕಾದವರು ಯಾರು?" ಈ ಪ್ರಶ್ನೆ ನ್ಯಾಯವಾದದ್ದೇ. ಅಮೆರಿಕದಲ್ಲಿ ತಲೆಯೊಂದಕ್ಕೆ ವರ್ಷಕ್ಕೆ ಸುಮಾರು 14 ಟನ್, ನಮ್ಮಲ್ಲಿ ಸುಮಾರು 2 ಟನ್. 1992ರಲ್ಲಿ ರಿಯೊ ನಗರದಲ್ಲಿ ಲೋಕದ ದೇಶಗಳೆಲ್ಲ ಸೇರಿದಾಗ ಇದನ್ನು ಒಪ್ಪಿಕೊಂಡವು. ಹೊಣೆ ಎಲ್ಲರದು, ಆದರೆ ಪಾಲು ಅವರವರ ಶಕ್ತಿಗೆ ತಕ್ಕಂತೆ ಎಂದು ಬರೆದುಕೊಂಡವು.

ಇನ್ನೊಂದು ಪಕ್ಷದವರು ಹೇಳುತ್ತಾರೆ: "ತಲೆ ಲೆಕ್ಕ ಸರಿ, ಒಟ್ಟು ಲೆಕ್ಕ ನೋಡಿ. ಚೀನಾ, ಅಮೆರಿಕ ಬಿಟ್ಟರೆ ಮೂರನೆಯ ಸ್ಥಾನ ನಮ್ಮದೇ. ನ್ಯಾಯ ತೀರ್ಮಾನವಾಗುವ ತನಕ ಮಳೆ ಕಾಯುತ್ತದೆಯೇ?" ಇದೂ ನಿಜವೇ.

ದೂರದ ಮಾತು ಸಾಕು. ನಮ್ಮ ಗಡಿಯಲ್ಲೇ ಇದರ ಎರಡು ಮುಖಗಳೂ ಇವೆ. ಸೊಲ್ಲಾಪುರದ ಬಳಿ 1,320 ಮೆಗಾವಾಟಿನ ಕಲ್ಲಿದ್ದಲ ವಿದ್ಯುತ್ ಸ್ಥಾವರವಿದೆ. ಕಲ್ಲಿದ್ದಲಿನಿಂದ ಒಂದು ಯೂನಿಟ್ ಕರೆಂಟು ತೆಗೆದರೆ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಇತ್ತ ಮಡಕಶಿರಾ ಪಕ್ಕದ ಪಾವಗಡದಲ್ಲಿ, ತಿರುಮಣಿ, ವಳ್ಳೂರು ಮೊದಲಾದ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಎದ್ದಿದೆ. 2019ರ ಕೊನೆಗೆ ಅದು 2,050 ಮೆಗಾವಾಟ್ ಮುಟ್ಟಿತು. ಅಲ್ಲಿ ಉರಿಸುವುದು ಏನೂ ಇಲ್ಲ, ಬಿಸಿಲೇ ಬಂಡವಾಳ.

ಅಲ್ಲಿ ರೈತರ ಜಮೀನನ್ನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ. ಬರದಿಂದ ಸೋತ ಹೊಲಕ್ಕೆ ಇದು ಸಣ್ಣ ಮೊತ್ತವಲ್ಲ. ಹತ್ತು ಎಕರೆ ಇದ್ದವರ ಮನೆ ನಡೆಯಿತು. ಆದರೆ ಒಂದು ಗುಂಟೆಯೂ ಇಲ್ಲದವರ ಗತಿ? ಅದೇ ಹೊಲದಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದವರಿಗೆ ಗುತ್ತಿಗೆಯ ಹಣದಲ್ಲಿ ಪಾಲಿಲ್ಲ. ಕುರಿ ಮೇಯುತ್ತಿದ್ದ ಬೀಳಿಗೆ ಬೇಲಿ ಬಿತ್ತು. ಪ್ಯಾನೆಲ್ ತೊಳೆಯುವ, ಕಾವಲು ಕಾಯುವ ಕೆಲಸ ಕೆಲವರಿಗೆ ಸಿಗಬಹುದು, ಎಲ್ಲರಿಗೂ ಸಾಲದು.

ಈಗ ನೀವೇ ಯೋಚಿಸಿ. ನಾವು ಅಮೆರಿಕವನ್ನು ಕೇಳುವ ಪ್ರಶ್ನೆಯನ್ನೇ ಆ ಕೂಲಿಯ ಹೆಣ್ಣುಮಗಳು ನಮ್ಮನ್ನು ಕೇಳಬಹುದಲ್ಲವೇ? ಲೋಕದ ಹೊಗೆ ತಗ್ಗಲಿ, ಸರಿ. ಅದರ ಹೊರೆ ನನ್ನ ತಲೆಯ ಮೇಲೇ ಏಕೆ? ಲೋಕದ ಸಭೆಯಲ್ಲಿ ನಾವು ನ್ಯಾಯ ಕೇಳುವುದಾದರೆ ಗ್ರಾಮಸಭೆಯಲ್ಲೂ ಅದೇ ನ್ಯಾಯ ನಡೆಯಬೇಕು.

ಹಾಗಾಗಿ ಹೊಗೆ ತಗ್ಗಿಸುವುದು ಬೇಡ ಎಂಬುದು ನನ್ನ ಮಾತಲ್ಲ. ಕೆಟ್ಟ ಮಳೆಯ ಮೊದಲ ಪೆಟ್ಟು ಬೀಳುವುದೂ ಆ ಬಡವರ ಮೇಲೆಯೇ. ತಗ್ಗಿಸುವ ರೀತಿ ಸರಿಯಿರಲಿ ಎಂಬುದಷ್ಟೇ ನನ್ನ ಮಾತು. ನಾಳೆ ನಿಮ್ಮ ಊರಿಗೂ ಇಂಥ ಯೋಜನೆ ಬರಬಹುದು. ಆಗ ಗ್ರಾಮಸಭೆಯಲ್ಲಿ ಕೇಳಿ: ಭೂಮಿಯಿಲ್ಲದವರಿಗೆ ಏನು ಕೊಡುತ್ತೀರಿ? ಕುರಿಗಳಿಗೆ ಜಾಗ ಎಲ್ಲಿ? ಬೇರೆ ದೇಶಗಳಲ್ಲಿ ಪ್ಯಾನೆಲ್‌ಗಳ ಸಾಲಿನ ನಡುವೆಯೇ ಕುರಿ ಮೇಯಿಸುವುದುಂಟು, ಇಲ್ಲೇಕೆ ಆಗದು? ಕರಾರು ಪತ್ರವನ್ನು ಕನ್ನಡದಲ್ಲೋ ತೆಲುಗಿನಲ್ಲೋ, ನಿಮಗೆ ತಿಳಿಯುವ ಭಾಷೆಯಲ್ಲಿ ಓದಿಸಿಕೊಳ್ಳದೆ ಹೆಬ್ಬೆಟ್ಟು ಒತ್ತಬೇಡಿ.

ಬಿಸಿಲಿನ ಕರೆಂಟು ಹಗಲಿನಲ್ಲಿ ಬರುವಂಥದ್ದು. ಅದನ್ನು ಮೊದಲು ನಮ್ಮ ಪಂಪುಸೆಟ್ಟಿಗೇ ಕೊಡಿ ಎಂದೂ ಕೇಳಬಹುದು. 2019ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಕುಸುಮ್ ಯೋಜನೆಯ ಉದ್ದೇಶಗಳಲ್ಲಿ ಇದೂ ಒಂದು. ನಡುರಾತ್ರಿ ಟಾರ್ಚು ಹಿಡಿದು, ಹಾವಿಗೆ ಹೆದರುತ್ತ ಮೋಟಾರು ಹಾಕಲು ಹೋಗುವುದು ತಪ್ಪಿದರೆ, ಹೊಗೆ ತಗ್ಗಿಸುವುದರಲ್ಲಿ ನಮಗೇನು ಲಾಭ ಎಂದು ಯಾರೂ ಕೇಳಲಾರರು.