ಗಾಳಕ್ಕೂ ಅದಬ್ ಇದೆ

ಸಹೋದರರೇ, ಭಾನುವಾರ ಬಂದರೆ ನಮ್ಮ ಮುದ್ದೇಬಿಹಾಳದ ಹುಡುಗರು ಗಾಳ ಹಿಡಿದು ತಂಗಡಗಿ, ಆಲಮಟ್ಟಿ ಕಡೆ ಕೃಷ್ಣೆಯ ದಂಡೆಗೆ ಹೊರಡುತ್ತಾರೆ. ಹೋಗಲಿ, ನಾವು ಬೇಡವೆನ್ನುವುದಿಲ್ಲ. ಸಮುದ್ರದ ಬೇಟೆಯನ್ನು ಅಲ್ಲಾಹನು ಸೂರಃ ಅಲ್ ಮಾಇದಃದ 96ನೇ ಆಯತ್‌ನಲ್ಲಿ ಹಲಾಲ್ ಮಾಡಿದ್ದಾನೆ. ನದಿಯ ಮೀನಿಗೂ ಅದೇ ಹುಕುಂ. ಆದರೆ ಅದು ಆಹಾರಕ್ಕೆಂದು ಕೊಟ್ಟ ಅನುಮತಿ. ತಿನ್ನುವ ಇರಾದೆಯೇ ಇಲ್ಲದೆ ಮೀನಿನ ಬಾಯಿ ಹರಿದು, ಫೋಟೋ ತೆಗೆದು, ದಂಡೆಯಲ್ಲೇ ಒದ್ದಾಡಲು ಬಿಟ್ಟು ಬರುವುದು ಯಾವ ಬೇಟೆ? ಹಕ್ಕಿಯೊಂದನ್ನು ಕಟ್ಟಿ ಬಾಣದ ಗುರಿ ಮಾಡಿಕೊಂಡಿದ್ದ ಹುಡುಗರನ್ನು ಕಂಡು ಇಬ್ನ್ ಉಮರ್(ರ) ತಡೆದರು. ಹಾಗೆ ಮಾಡುವವರನ್ನು ಪ್ರವಾದಿ(ಸ) ಶಪಿಸಿದ್ದನ್ನು ನೆನಪಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿದೆ.

ಮುಂಗಾರಿನ ಹೊಸ ನೀರಿಗೆ ಮೊಟ್ಟೆ ತುಂಬಿದ ಮೀನು ಏರಿ ಬರುತ್ತದೆ. ಆಗ ಗಾಳ ಮನೆಯಲ್ಲಿರಲಿ. ಬಲೆಯನ್ನೇ ನಂಬಿದ ಮೀನುಗಾರರ ಅನ್ನವೂ ಆ ಮೊಟ್ಟೆಯಲ್ಲಿದೆ. ತುಂಡಾದ ನೈಲಾನ್ ದಾರ ಬೆಳ್ಳಕ್ಕಿಯ ಕಾಲಿಗೆ ಸುತ್ತಿಕೊಂಡರೆ ಬಿಡಿಸುವವರಿಲ್ಲ. ಸುತ್ತಿ ಜೇಬಿನಲ್ಲಿಟ್ಟು ತನ್ನಿ. ಅಸರ್ ಹೊತ್ತಾದರೆ ಅದೇ ನೀರಿನಲ್ಲಿ ವುಝೂ ಮಾಡಿ, ದಂಡೆಯಲ್ಲೇ ಜಮಾಅತ್ ಕಟ್ಟಿ.