ಜೋಕೇ ಸಪ್ಪೆಯಾದಾಗ

ಇಂಗ್ಲೆಂಡಿನ ಸಂಡರ್‌ಲೆಂಡಿನಲ್ಲಿ 1946ರಲ್ಲಿ ಹುಟ್ಟಿದ ಟೆರ್ರಿ ಡಿಯರಿ ಇತಿಹಾಸಕಾರರೇನಲ್ಲ, ನಾಟಕದವರು. ಪ್ರಕಾಶಕರು ಅವರನ್ನು ಕೇಳಿದ್ದು ಇತಿಹಾಸದ ಮೇಲೊಂದು ಜೋಕಿನ ಪುಸ್ತಕ. ನಡುನಡುವೆ ನಾಲ್ಕು ನಿಜಸಂಗತಿಯೂ ಇರಲಿ ಎಂದರಂತೆ. ಹುಡುಕಲು ಕೂತರೆ, ನಿಜದ ಮುಂದೆ ಜೋಕುಗಳೇ ಸಪ್ಪೆ! ಹೀಗೆ 1993ರಲ್ಲಿ ‘ಹಾರಿಬಲ್ ಹಿಸ್ಟರೀಸ್’ ಪುಸ್ತಕಮಾಲೆ ಶುರುವಾಯಿತು. ಉದಾಹರಣೆಗೆ, ಪ್ರಾಚೀನ ಈಜಿಪ್ಟಿನವರು ಮಮ್ಮಿ ಮಾಡುವಾಗ ಹೆಣದ ಮಿದುಳನ್ನು ಮೂಗಿನೊಳಗಿಂದ ಕೊಕ್ಕೆ ಹಾಕಿ ಎಳೆಯುತ್ತಿದ್ದರು. ಹತ್ತು ವರ್ಷದ ಮಗು ಇದನ್ನು ಮರೆತೀತೇ? ಜೊತೆಗೆ ಮಾರ್ಟಿನ್ ಬ್ರೌನ್ ಅವರ ತುಂಟ ಚಿತ್ರಗಳು ಬೇರೆ. ಪಟ್ಟಾಭಿಷೇಕದ ಇಸವಿಗಿಂತ ಬಡವರ ಊಟ, ರೋಗ, ಕಕ್ಕಸು ಡಿಯರಿಯವರಿಗೆ ಮುಖ್ಯ. ನನಗಂತೂ ಅದೇ ಸರಿ ಅನ್ನಿಸುತ್ತದೆ. ತಮಾಷೆಯೆಂದರೆ, ಶಾಲೆಯನ್ನು ಕಂಡರೆ ಅವರಿಗೆ ಅಷ್ಟಕ್ಕಷ್ಟೆ. ತಮ್ಮ ಪುಸ್ತಕ ಪಾಠವಾಗುವುದೂ ಬೇಡ. ಮೇಷ್ಟ್ರುಗಳು ಮಾತ್ರ ಕೇಳಬೇಕಲ್ಲ!