ಬೀರುವಿನಿಂದ ಹೊರಗೆ ಬರುವ ದೂರದರ್ಶಕ

(ಸುವರ್ಣ ಮಹೋತ್ಸವದ ಅಂಗವಾಗಿ 2024ರ ಡಿಸೆಂಬರ್ 8, ಭಾನುವಾರ ಸಂಜೆ ಶಾಲಾ ಮೈದಾನದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಾನು ವಿಜ್ಞಾನಿಯಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವವನು. ಆಕಾಶ ನೋಡುವುದು ನನ್ನ ಹವ್ಯಾಸ. ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘ ಶಾಲೆಗೆ ಒಂದು ದೂರದರ್ಶಕ ಕೊಡಬೇಕೆಂದು ಹಣ ಕೂಡಿಸಿದೆ. ಅದು ಎಂಥದ್ದಿರಬೇಕು ಎನ್ನುವುದನ್ನು ಹೇಳಲು ನನ್ನನ್ನು ಕರೆದಿದ್ದೀರಿ. ಸಂಘದಲ್ಲಿ ಕೆಲವರ ಆಸೆ ಏನೆಂದರೆ, ಮಾಳಿಗೆಯ ಮೇಲೆ ಗುಮ್ಮಟ ಕಟ್ಟಿ, ಕಂಪ್ಯೂಟರಿನಿಂದ ತಿರುಗುವ ದೊಡ್ಡ ದೂರದರ್ಶಕ ಕೂರಿಸಬೇಕು, ತಾಲ್ಲೂಕಿನಲ್ಲೇ ಹೆಸರಾಗಬೇಕು ಎಂದು. ಅವರ ಪ್ರೀತಿ ದೊಡ್ಡದು. ಆದರೆ ನಾನು ಅದಕ್ಕೆ ವಿರುದ್ಧವಾಗಿ ಮಾತಾಡಲು ಬಂದಿದ್ದೇನೆ. ಮೊದಲೇ ಕ್ಷಮೆ ಕೇಳಿಬಿಡುತ್ತೇನೆ.

ಎರಡು ಹಳೆಯ ಸಂಗತಿ ಹೇಳುತ್ತೇನೆ. ನಾವು ಓದುವಾಗ ಪ್ರಯೋಗಾಲಯದ ಬೀರುವಿನಲ್ಲಿ ಒಂದು ಸೂಕ್ಷ್ಮದರ್ಶಕ ಇತ್ತು. ಮೂರು ವರ್ಷವೂ ಅದನ್ನು ಗಾಜಿನ ಆಚೆಯಿಂದಲೇ ನೋಡಿದೆವು. ಮೇಷ್ಟರದ್ದು ತಪ್ಪಲ್ಲ. ಅದು ಸ್ಟಾಕ್ ರಿಜಿಸ್ಟರಿನಲ್ಲಿ ಬರೆದ ವಸ್ತು. ಮುರಿದರೆ ಯಾರು ಉತ್ತರ ಕೊಡಬೇಕು? ಸಂಬಳದಲ್ಲಿ ಹಿಡಿದುಕೊಂಡರೆ ಏನು ಗತಿ? ಹಾಗಾಗಿ ಬೀಗ.

ಎರಡನೆಯದು 1986ರ ಮಾರ್ಚ್ ತಿಂಗಳಿನದು. ನಾನು ಒಂಬತ್ತನೇ ತರಗತಿ. ಹ್ಯಾಲಿ ಧೂಮಕೇತು ಬಂದಿತ್ತು. ಅದೇ ವಿಜ್ಞಾನ ಮೇಷ್ಟರು ಎಲ್ಲಿಂದಲೋ ಒಂದು ದುರ್ಬೀನು ಕಡ ತಂದು, ಬೆಳಗಿನ ಜಾವ ನಾಲ್ಕೂವರೆಗೆ ನಮ್ಮನ್ನು ಕೆರೆ ಏರಿಯ ಮೇಲೆ ನಿಲ್ಲಿಸಿದರು. ಆಗ್ನೇಯ ದಿಕ್ಕಿನಲ್ಲಿ, ಹಿಂಜಿದ ಹತ್ತಿಯ ಎಳೆಯಂತೆ ಏನೋ ಮಸುಕಾಗಿ ಕಂಡಿತು. ಪುಸ್ತಕದ ಚಿತ್ರದಂತೆ ಉದ್ದ ಬಾಲ ಇರಲಿಲ್ಲ. ನಮಗೆ ನಿರಾಸೆಯಾಯಿತು. ಮೇಷ್ಟರು ನಕ್ಕು, "ಇದು ಮತ್ತೆ ಬರೋದು 2061ಕ್ಕೆ ಕಣ್ರಪ್ಪಾ, ಸರಿಯಾಗಿ ನೋಡ್ಕೊಳ್ಳಿ" ಅಂದರು. ಮೂವತ್ತೆಂಟು ವರ್ಷವಾಯಿತು. ಬೀರುವಿನಲ್ಲಿದ್ದ ಸೂಕ್ಷ್ಮದರ್ಶಕದ ಬಣ್ಣ ಕೂಡ ನನಗೆ ನೆನಪಿಲ್ಲ. ಆ ಕಡ ತಂದ ದುರ್ಬೀನಿನ ತೂಕ ಈಗಲೂ ಕೈಗೆ ಗೊತ್ತಿದೆ. ನಾನು ಇವತ್ತು ಹೇಳಬೇಕಾದದ್ದು ಇಷ್ಟೇ: ಬೀರುವಿನಿಂದ ಹೊರಗೆ ಬರುವ ದೂರದರ್ಶಕವೇ ಒಳ್ಳೆಯ ದೂರದರ್ಶಕ.

ಹಾಗೆಂದು ಸಿಕ್ಕಿದ್ದನ್ನು ಕೊಳ್ಳಬಾರದು. ನಾನು ಮೋಸ ಹೋದ ಕಥೆ ಕೇಳಿ. ನನ್ನ ಮಗಳು ಐದನೇ ತರಗತಿಯಲ್ಲಿದ್ದಾಗ ವಸ್ತುಪ್ರದರ್ಶನವೊಂದರಲ್ಲಿ ಟೆಲಿಸ್ಕೋಪ್ ಕೊಂಡೆ. ಡಬ್ಬಿಯ ಮೇಲೆ ಬಣ್ಣಬಣ್ಣದ ಶನಿ, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ "675 ಪಟ್ಟು" ಎಂದಿತ್ತು. ಮನೆಗೆ ತಂದು ಮಹಡಿ ಮೇಲೆ ಇಟ್ಟೆವು. ಕಾಲುಗಳು ಕಡ್ಡಿಯಂತೆ. ಮುಟ್ಟಿದರೆ ನಡುಗುತ್ತಿತ್ತು, ಗಾಳಿ ಬಂದರೂ ನಡುಗುತ್ತಿತ್ತು. ಮಗು ಅರ್ಧ ಗಂಟೆ ಕಣ್ಣಿಟ್ಟು, "ಅಪ್ಪಾ, ಏನೂ ಕಾಣ್ತಿಲ್ಲ" ಅಂತ ಕೆಳಗೆ ಹೋಯಿತು. ಆ ಡಬ್ಬಿ ಎಂಟು ವರ್ಷ ಅಟ್ಟದ ಮೇಲಿತ್ತು. ಮಗಳು ಮತ್ತೆ ಕೇಳಲಿಲ್ಲ. ಹಣ ಹೋದದ್ದಕ್ಕಿಂತ ಅವಳು ಕೇಳುವುದನ್ನು ಬಿಟ್ಟದ್ದು ನನಗೆ ಹೆಚ್ಚಿನ ನಷ್ಟ.

ತಪ್ಪು ಎಲ್ಲಾಯಿತು? ಹತ್ತನೇ ತರಗತಿಯ ಮಕ್ಕಳು ಬೆಳಕಿನ ಪಾಠ ಓದಿದ್ದೀರಿ, ನಿಮಗೇ ಗೊತ್ತಾಗುತ್ತದೆ. ದೂರದರ್ಶಕದ ಮುಂದಿನ ಮಸೂರದ ಸಂಗಮ ದೂರವನ್ನು, ಕಣ್ಣಿಡುವ ಕಡೆಯ ಪುಟ್ಟ ಮಸೂರದ, ಅಂದರೆ ಐಪೀಸಿನ, ಸಂಗಮ ದೂರದಿಂದ ಭಾಗಿಸಿದರೆ ಎಷ್ಟು ಪಟ್ಟು ದೊಡ್ಡದಾಗುತ್ತದೆ ಎಂದು ಸಿಗುತ್ತದೆ. ನನ್ನದರಲ್ಲಿ 900 ಮಿಲಿಮೀಟರ್, ಐಪೀಸ್ 4 ಮಿಲಿಮೀಟರ್. 900 ಭಾಗ 4, ಅಂದರೆ 225. ನಡುವೆ ಮೂರು ಪಟ್ಟು ಹಿಗ್ಗಿಸುವ ಇನ್ನೊಂದು ಮಸೂರ ಇಟ್ಟರೆ 675. ಲೆಕ್ಕ ಸುಳ್ಳಲ್ಲ. ಆದರೆ ದೂರದರ್ಶಕದ ಬಾಯಿ ಎಷ್ಟು ಮಿಲಿಮೀಟರ್ ಅಗಲವೋ, ಹೆಚ್ಚೆಂದರೆ ಅದರ ಎರಡರಷ್ಟು ಪಟ್ಟಿನವರೆಗೆ ಮಾತ್ರ ಚಿತ್ರ ಸ್ಪಷ್ಟ. ನನ್ನದರ ಬಾಯಿ 60 ಮಿಲಿಮೀಟರ್. ಮಿತಿ 120. ಅದರಾಚೆ ಎಳೆದರೆ ಬೆಲ್ಲಕ್ಕೆ ನೀರು ಹಾಕಿದ ಹಾಗೆ. ಪಾನಕ ಹೆಚ್ಚಾಗುತ್ತದೆ, ಸಿಹಿ ಇರುವುದಿಲ್ಲ.

ಗೆಲಿಲಿಯೊ 1610ರ ಜನವರಿಯಲ್ಲಿ ಗುರು ಗ್ರಹದ ನಾಲ್ಕು ಚಂದ್ರರನ್ನು ಕಂಡದ್ದು ಸುಮಾರು 20 ಪಟ್ಟು ಹಿಗ್ಗಿಸುವ ಕೊಳವೆಯಲ್ಲಿ. ಹಾಗಾಗಿ ಅಂಗಡಿಯಲ್ಲಿ "ಎಷ್ಟು ಪಟ್ಟು?" ಎಂದು ಕೇಳಬೇಡಿ. "ಬಾಯಿ ಎಷ್ಟು ಅಗಲ? ನಿಲುವು ಎಷ್ಟು ಗಟ್ಟಿ?" ಈ ಎರಡು ಪ್ರಶ್ನೆ ಕೇಳಿ.

ಬಾಯಿ ಅಗಲ ಯಾಕೆ ಮುಖ್ಯ? ಮಳೆಗೆ ಲೋಟ ಇಟ್ಟರೆ ಲೋಟದಷ್ಟು ನೀರು, ಕೊಪ್ಪರಿಗೆ ಇಟ್ಟರೆ ಕೊಪ್ಪರಿಗೆಯಷ್ಟು. ಬೆಳಕೂ ಹಾಗೆಯೇ. ಕತ್ತಲಲ್ಲಿ ಎಳೆಯರ ಕಣ್ಣಪಾಪೆ ಸುಮಾರು 7 ಮಿಲಿಮೀಟರ್ ಅಗಲವಾಗುತ್ತದೆ. 70 ಮಿಲಿಮೀಟರ್ ಬಾಯಿಯ ದೂರದರ್ಶಕ ಅದರ ನೂರರಷ್ಟು ಬೆಳಕು ಹಿಡಿಯುತ್ತದೆ. 130 ಮಿಲಿಮೀಟರಿನದು ಮುನ್ನೂರಕ್ಕಿಂತ ಹೆಚ್ಚು ಪಟ್ಟು.

ಹೊತ್ತೊಯ್ಯಬಹುದಾದ, ಮೊದಲ ಸಲ ಕೊಳ್ಳುವವರಿಗೆ ಒಗ್ಗುವ ಬಗೆಗಳು ಮೂರು. ಒಂದು, ದುರ್ಬೀನು. 10x50 ಎಂದು ಬರೆದಿದ್ದರೆ ಹತ್ತು ಪಟ್ಟು, 50 ಮಿಲಿಮೀಟರ್ ಬಾಯಿ. ಮನೆಗೆ ಮೊದಲು ಇದನ್ನೇ ಕೊಳ್ಳಿ. ಆಕಾಶ ಬೇಸರವಾದರೆ ಹಕ್ಕಿ ನೋಡಬಹುದು. ಎರಡು, 70 ಮಿಲಿಮೀಟರಿನ ಮಸೂರದ ದೂರದರ್ಶಕ. ಹಗುರ, ನಿರ್ವಹಣೆ ಕಡಿಮೆ, ಚಂದ್ರ ಮತ್ತು ಗ್ರಹಗಳಿಗೆ ಚೆನ್ನು. ಕಾಲು ಗಟ್ಟಿಯಿದೆಯೇ ಎಂದು ಮಾತ್ರ ಅಲ್ಲಾಡಿಸಿ ನೋಡಿ. ಮೂರು, ಕನ್ನಡಿಯ ದೂರದರ್ಶಕ. ತಳದಲ್ಲಿ ನಿಮ್ನ ದರ್ಪಣ ಇರುತ್ತದೆ. 130 ಮಿಲಿಮೀಟರ್ ಬಾಯಿ, 650 ಮಿಲಿಮೀಟರ್ ಸಂಗಮ ದೂರ, ಮೇಜಿನ ಮೇಲೆ ಇಟ್ಟು ತಿರುಗಿಸುವ ಮರದ ಪೀಠ, ಒಟ್ಟು ತೂಕ ಆರೇಳು ಕಿಲೋ. ಎಂಟನೇ ತರಗತಿಯ ಹುಡುಗಿ ಎತ್ತಿಕೊಂಡು ಹೋಗಬಹುದು. 25 ಮಿಲಿಮೀಟರ್ ಐಪೀಸ್ ಹಾಕಿದರೆ 26 ಪಟ್ಟು, 10 ಮಿಲಿಮೀಟರಿನದು ಹಾಕಿದರೆ 65 ಪಟ್ಟು. ನಮ್ಮ ಶಾಲೆಗೆ ಬೇಕಾದ್ದು ಇದು.

ಈ ಮರದ ಪೀಠಕ್ಕೆ ಡಾಬ್ಸೋನಿಯನ್ ಎನ್ನುತ್ತಾರೆ. ಅದರ ಹಿಂದಿನ ಜಾನ್ ಡಾಬ್ಸನ್ ಎನ್ನುವವರು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವೇದಾಂತ ಸೊಸೈಟಿಯ, ಅಂದರೆ ರಾಮಕೃಷ್ಣ ಪರಂಪರೆಯ ಆಶ್ರಮದ, ಸಂನ್ಯಾಸಿಯಾಗಿದ್ದರು. ಕೈಯಲ್ಲಿ ಕಾಸಿಲ್ಲ. ಹಡಗಿನ ಕಿಟಕಿಯ ಹಳೆಯ ದಪ್ಪ ಗಾಜನ್ನು ಉಜ್ಜಿ ಕನ್ನಡಿ ಮಾಡಿದರು. ರಟ್ಟಿನ ಕೊಳವೆ, ಪ್ಲೈವುಡ್ಡಿನ ಪೀಠ. 1967ರಲ್ಲಿ ಆಶ್ರಮ ಬಿಡಬೇಕಾಯಿತು. ಮುಂದೆ ಬೀದಿಯ ಪಕ್ಕ ದೂರದರ್ಶಕ ಇಟ್ಟುಕೊಂಡು, ಹೋಗಿ ಬರುವವರನ್ನು ಕರೆದು ಚಂದ್ರನನ್ನು ತೋರಿಸುವುದೇ ಅವರ ಕೆಲಸವಾಯಿತು. ದೊಡ್ಡ ಯಂತ್ರಗಳಿಗೆ ಬೇರೆ ಜಾಗವಿದೆ. ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕೂತೇ ನಡೆಸುತ್ತಾರೆ. ಅದು ಸಂಶೋಧನೆಗೆ. ನಮಗೆ ಬೇಕಾದ್ದು ಡಾಬ್ಸನ್ನರ ದಾರಿ.

ಈಗ ಬಳಸುವ ಬಗೆ. ಮೊದಲನೆಯ ಮಾತು, ಮಕ್ಕಳೇ, ಇದನ್ನು ಮಾತ್ರ ಮರೆಯಬೇಡಿ: ದೂರದರ್ಶಕವನ್ನಾಗಲಿ ದುರ್ಬೀನನ್ನಾಗಲಿ ಸೂರ್ಯನ ಕಡೆ ತಿರುಗಿಸಿ ಕಣ್ಣಿಡಬಾರದು. ಒಂದು ಕ್ಷಣ ಸಾಕು, ಕಣ್ಣು ಹೋಗುತ್ತದೆ. ಭೂತಗನ್ನಡಿಯಲ್ಲಿ ಕಾಗದ ಸುಟ್ಟಿದ್ದೀರಲ್ಲ, ಹಾಗೆ.

ದೂರದರ್ಶಕದ ಬೆನ್ನ ಮೇಲೆ ಗುರಿ ಹಿಡಿಯುವ ಚಿಕ್ಕ ಸಾಧನ ಇರುತ್ತದೆ. ಅದನ್ನು ಹಗಲಲ್ಲೇ, ಸೂರ್ಯನಿಗೆ ಬೆನ್ನು ಮಾಡಿ, ದೂರದ ತೆಂಗಿನ ಮರದ ತುದಿಗೋ ಗುಡಿಯ ಕಳಸಕ್ಕೋ ಹೊಂದಿಸಿಕೊಳ್ಳಿ. ಇದನ್ನು ಮಾಡದೆ ರಾತ್ರಿ ಹುಡುಕಲು ಹೊರಟು ಸೋತವರೇ ಹೆಚ್ಚು. ಅರ್ಧ ಗಂಟೆ ಮೊದಲೇ ಹೊರಗಿಟ್ಟು ಅದು ತಣ್ಣಗಾಗಲಿ. ಯಾವಾಗಲೂ ಕಡಿಮೆ ಪಟ್ಟಿನ ಐಪೀಸಿನಿಂದ ಶುರುಮಾಡಿ. ಸಿಕ್ಕಿದ ಮೇಲೆ ಬದಲಾಯಿಸಿ. ನೋಡುವಾಗ ಐಪೀಸನ್ನು ಹಿಡಿದುಕೊಳ್ಳಬೇಡಿ. ಕನ್ನಡಿಯ ದೂರದರ್ಶಕದಲ್ಲಿ ಚಿತ್ರ ತಲೆಕೆಳಗಾಗಿರುತ್ತದೆ. ಅದು ಕೆಟ್ಟಿಲ್ಲ, ಅದರ ಗುಣವೇ ಹಾಗೆ. ಚಿತ್ರ ಮೆಲ್ಲಗೆ ಜಾರಿ ಹೋಗುತ್ತದೆ. ಅದು ಭೂಮಿ ತಿರುಗುವ ವೇಗ. ಚಂದ್ರ ತನ್ನ ಅಗಲದಷ್ಟು ದೂರ ಜರುಗಲು ಎರಡೇ ನಿಮಿಷ ಸಾಕು. ಭೂಮಿ ತಿರುಗುತ್ತದೆ ಎಂದು ಪುಸ್ತಕದಲ್ಲಿ ಓದಿದ್ದನ್ನು ಅಲ್ಲಿ ಕಣ್ಣಾರೆ ಕಾಣುತ್ತೀರಿ.

ಕತ್ತಲಿಗೆ ಕಣ್ಣು ಒಗ್ಗಲು ಇಪ್ಪತ್ತು ನಿಮಿಷವಾದರೂ ಬೇಕು. ಒಂದು ಸಲ ಮೊಬೈಲ್ ನೋಡಿದರೆ ಎಲ್ಲ ಮೊದಲಿನಿಂದ. ಟಾರ್ಚಿಗೆ ಕೆಂಪು ಹಾಳೆ ಸುತ್ತಿಕೊಳ್ಳಿ. ಕನ್ನಡಿಯ ಮೇಲೆ ಧೂಳು ಕೂತರೆ ಪಂಚೆಯಿಂದ ಒರೆಸಬೇಡಿ, ಗೀರು ಬೀಳುತ್ತದೆ. ಸ್ವಲ್ಪ ಧೂಳಿನಿಂದ ನಷ್ಟವಿಲ್ಲ. ಮಳೆಗಾಲದಲ್ಲಿ ತೇವ ತಾಗದಂತೆ ಇಡಿ, ಇಲ್ಲವಾದರೆ ಮಸೂರಕ್ಕೆ ಬೂಸ್ಟು ಹಿಡಿಯುತ್ತದೆ.

ಏನು ನೋಡಬೇಕು? ನಮ್ಮ ಊರಿನವರಿಗೆ ನಕ್ಷತ್ರ ಹೊಸದಲ್ಲ. ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರೆ, ಇವು ನಮ್ಮ ಬಾಯಲ್ಲಿ ಮಳೆಯ ಹೆಸರು. ಆದರೆ ಆರಿದ್ರಾ ಮಳೆ ಬೀಳುವಾಗ ಆ ನಕ್ಷತ್ರ ಕಾಣುವುದಿಲ್ಲ, ಏಕೆಂದರೆ ಆಗ ಸೂರ್ಯನೇ ಆ ಜಾಗದಲ್ಲಿರುತ್ತಾನೆ. ಮಳೆ ಕೊಟ್ಟವರ ಮುಖ ನೋಡಬೇಕಾದರೆ ಈ ಚಳಿಗಾಲದಲ್ಲಿ ಬರಬೇಕು. ಇವತ್ತು ರಾತ್ರಿ ಊಟವಾದ ಮೇಲೆ ಪೂರ್ವಕ್ಕೆ ನೋಡಿ. ನಾಲ್ಕೂ ಒಂದೇ ಕಡೆ ಸಾಲಾಗಿ ಮೇಲೆ ಬಂದಿರುತ್ತವೆ. ಕೃತ್ತಿಕೆಯನ್ನು ದುರ್ಬೀನಿನಲ್ಲಿ ನೋಡಿ, ಆರು ಚುಕ್ಕಿಯ ಜಾಗದಲ್ಲಿ ಹತ್ತಾರು ಕಾಣುತ್ತವೆ. ರೋಹಿಣಿಯ ಹತ್ತಿರ ಧಗಧಗ ಹೊಳೆಯುತ್ತಿರುವುದು ಗುರು ಗ್ರಹ. ಅದರ ಪಕ್ಕ ಗೆಲಿಲಿಯೊ ಕಂಡ ಚುಕ್ಕಿಗಳು. ಇವತ್ತು ಅವು ಇದ್ದ ಜಾಗವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ನಾಳೆ ಮತ್ತೆ ನೋಡಿ, ಜಾಗ ಬದಲಾಗಿರುತ್ತದೆ.

ವಸಿಷ್ಠ ಅರುಂಧತಿ ಈಗ ಸಂಜೆಗೆ ಇಲ್ಲ. ಏಪ್ರಿಲ್, ಮೇ ತಿಂಗಳ ಸಂಜೆ ಉತ್ತರದಲ್ಲಿ ಸಪ್ತರ್ಷಿಗಳ ಜೊತೆ ಕಾಣುತ್ತಾರೆ. ಮದುವೆಯಲ್ಲಿ ಪುರೋಹಿತರು ಹಗಲು ಹೊತ್ತಿನಲ್ಲಿ ಕೈ ತೋರಿಸುತ್ತಾರೆ, ನಾವು ಕಂಡಿತು ಎನ್ನುತ್ತೇವೆ! ನಿಜವಾಗಿ ನೋಡಿದರೆ ದೂರದರ್ಶಕದಲ್ಲಿ ವಸಿಷ್ಠನೇ ಎರಡಾಗಿ ಕಾಣುತ್ತಾನೆ.

ಚಂದ್ರನನ್ನು ಹುಣ್ಣಿಮೆಯಂದು ನೋಡಬೇಡಿ, ಬರೀ ಬೆಳಕು. ಅಷ್ಟಮಿಯ ಆಸುಪಾಸು ನೋಡಿ. ಬೆಳಕು ಕತ್ತಲೆಯ ಗಡಿಯಲ್ಲಿ ಗುಂಡಿ ಗುಡ್ಡಗಳ ನೆರಳು ಉದ್ದ ಬೀಳುತ್ತದೆ. ಈ ಕನ್ನಡಿಯ ದೂರದರ್ಶಕ ಕೊಂಡ ವರ್ಷ ನಮ್ಮ ಕಣದಲ್ಲಿ ಇಟ್ಟು ಅವ್ವನಿಗೆ ತೋರಿಸಿದೆ. ಕಣ್ಣಿನ ಪೊರೆ ತೆಗೆಸಿ ಆರು ತಿಂಗಳಾಗಿತ್ತು. ಬಹಳ ಹೊತ್ತು ನೋಡಿ, "ಏನೋ ಇದು, ನಮ್ಮ ಮೇಲ್ಗಡೆ ಹೊಲ ಇದ್ದಂಗೈತೆ, ಬರೀ ಗುಂಡಿ" ಅಂದಳು. ಆಮೇಲೆ ಅವಳೇ ಪಕ್ಕದ ಮನೆಯವರನ್ನೆಲ್ಲ ಕೂಗಿ ಕರೆದಳು. ಸಾಲಿನಲ್ಲಿ ನಿಂತು ನೋಡಿದವರಲ್ಲಿ ನನ್ನ ಮಗಳೂ ಇದ್ದಳು. ಎಂಟು ವರ್ಷದ ಮೇಲೆ ಮೊದಲ ಸಲ, "ಅಪ್ಪಾ, ಶನಿ ಎಲ್ಲಿ?" ಅಂತ ಕೇಳಿದಳು.

ಆದ್ದರಿಂದ ಸಂಘದ ಗೆಳೆಯರಲ್ಲಿ ನನ್ನ ಕೋರಿಕೆ ಇದು. ಗುಮ್ಮಟ ಬೇಡ. ಅದೇ ಹಣದಲ್ಲಿ ಇಂಥ ಎರಡು ಚಿಕ್ಕ ದೂರದರ್ಶಕ, ನಾಲ್ಕು ದುರ್ಬೀನು ತರೋಣ. ಗ್ರಂಥಾಲಯದ ಪುಸ್ತಕದಂತೆ ಮಕ್ಕಳು ಸಹಿ ಮಾಡಿ ಶನಿವಾರ ಮನೆಗೆ ಒಯ್ದು, ಸೋಮವಾರ ತರಲಿ. ಓಣಿಯವರೆಲ್ಲ ನೋಡಲಿ. ಉಳಿದ ಹಣವನ್ನು ರಿಪೇರಿಗೆಂದು ಬ್ಯಾಂಕಿನಲ್ಲಿಡೋಣ. ಬಿದ್ದರೆ, ಒಡೆದರೆ ಯಾವ ಶಿಕ್ಷಕರನ್ನೂ ಕೇಳಬಾರದು. ಸಂಘ ಹೊಣೆ ಎಂದು ಇವತ್ತೇ ಬರೆದುಕೊಡೋಣ. ಮೊದಲ ರಿಪೇರಿಯ ಖರ್ಚು ನನ್ನದು. ಉಪಯೋಗಿಸಿ ಸವೆದ ವಸ್ತು ಶಾಲೆಗೆ ಅವಮಾನವಲ್ಲ.

ಪಂಚಾಯಿತಿಯವರಲ್ಲೂ ಒಂದು ಮಾತು: ಮೈದಾನದ ಮೂಲೆಯ ಆ ದೀಪಕ್ಕೆ ಮೇಲೆ ಒಂದು ಮರೆ ಹಾಕಿಸಿಕೊಡಿ. ದಾರಿಗೆ ಬೆಳಕೂ ಸಿಗುತ್ತದೆ, ಆಕಾಶಕ್ಕೆ ಕತ್ತಲೂ ಉಳಿಯುತ್ತದೆ.

ಮಕ್ಕಳೇ, ನಿಮಗೀಗ ಹದಿಮೂರು ವರ್ಷ ಅಂದುಕೊಳ್ಳಿ. 2061ಕ್ಕೆ ನಿಮಗೆ ಐವತ್ತು, ಇವತ್ತು ನಮ್ಮ ಶಾಲೆಗಿರುವಷ್ಟೇ ವಯಸ್ಸು. ನಮ್ಮಲ್ಲಿ ಬಹಳ ಜನ ಇರುವುದಿಲ್ಲ. ಧೂಮಕೇತು ಬರುತ್ತದೆ. ಆಗ ಊರಿನ ಮಕ್ಕಳನ್ನು ಕರೆದುಕೊಂಡು ಕೆರೆ ಏರಿಗೆ ಹೋಗುವವರು ನೀವು.

ಇನ್ನು ಅರ್ಧ ಗಂಟೆಯಲ್ಲಿ ಕತ್ತಲಾಗುತ್ತದೆ. ಪಶ್ಚಿಮದಲ್ಲಿ ಬೆಳ್ಳಿ, ತಲೆಯ ಮೇಲ್ಗಡೆ ದಕ್ಷಿಣಕ್ಕೆ ಅರ್ಧಚಂದ್ರ, ಅವನ ಹತ್ತಿರವೇ ಶನಿ. ಈ ವರ್ಷ ಶನಿಯ ಉಂಗುರ ತೆಳು ಗೆರೆಯಂತೆ ಕಾಣುತ್ತದೆ. ಬರುವ ಮಾರ್ಚಿನಲ್ಲಿ ಅದರ ಅಂಚೇ ನಮ್ಮ ಕಡೆಗಿರುತ್ತದೆ, ಇಂಥ ಸಂದರ್ಭ ಸುಮಾರು ಹದಿನೈದು ವರ್ಷಕ್ಕೊಮ್ಮೆ. ನನ್ನ ದೂರದರ್ಶಕವನ್ನು ಬಾವುಟದ ಕಟ್ಟೆಯ ಮೇಲೆ ಇಟ್ಟಿದ್ದೇನೆ. ಊಟಕ್ಕೆ ಮೊದಲು ಚಿಕ್ಕವರು, ಊಟದ ನಂತರ ದೊಡ್ಡವರು. ನನಗೆ ಪಾಠ ಹೇಳಿದ ಗುರುಗಳು ಮಾತ್ರ ಎಲ್ಲರಿಗಿಂತ ಮೊದಲು ಬರಬೇಕು.